ಕಪಾಟಿನ ಪುಡಿ, ಬರೆಯ ನೀರು: ಮಡಿಕೇರಿಯ ಒಂದು ಮನೆಯ ಪ್ರಕರಣ

ಮಡಿಕೇರಿಯಲ್ಲಿ ಮನೆಗಳು ಮೆಟ್ಟಿಲು ಇಟ್ಟ ಹಾಗೆ ಇರುತ್ತವೆ. ಒಬ್ಬರ ಅಂಗಳ ಇನ್ನೊಬ್ಬರ ಮಾಡಿನ (ಸೂರಿನ) ಮಟ್ಟಕ್ಕೆ ಬರುತ್ತದೆ. ನಮ್ಮ ಮನೆಯ ಹಿಂದೆ ಎಂಟು ಅಡಿ ಎತ್ತರದ ಬರೆ, ಅಂದರೆ ಗುಡ್ಡ ಕಡಿದ ಕಡೆಯ ನೆಟ್ಟಗಿನ ಮಣ್ಣು. ಅದು ಜರಿಯದ ಹಾಗೆ ಕಲ್ಲಿನ ಕಟ್ಟಡ, ಅಂದರೆ ತಡೆಗೋಡೆ. ಬರೆಗೂ ನಮ್ಮ ಗೋಡೆಗೂ ನಡುವೆ ಎರಡಡಿ ಓಣಿ. ಬರೆಯ ಮೇಲೆ ಇನ್ನೊಂದು ಮನೆ. ಅಲ್ಲಿರುವ ದಂಪತಿ ನಮಗಿಂತ ತುಂಬಾ ದೊಡ್ಡವರು. ಹತ್ತು ವರ್ಷದಿಂದ ಅಕ್ಕ, ಅಣ್ಣ ಅಂತಲೇ ಕರೆಯುತ್ತೇವೆ. ಅವರ ಚಪ್ಪರದ ಸೀಮೆಬದನೆ ನಮ್ಮ ಅಡುಗೆಮನೆಗೆ ಬರುತ್ತದೆ, ನಮ್ಮ ಬೆಣ್ಣೆಹಣ್ಣು ಮೇಲಕ್ಕೆ ಹೋಗುತ್ತದೆ.

ಇಷ್ಟು ಚೆನ್ನಾಗಿದ್ದ ಎರಡು ಮನೆಗಳು ಒಂದು ಮಳೆಗಾಲದಲ್ಲಿ ಪೂರ್ತಿ ಒಂದು ತಿಂಗಳು ಮಾತು ಬಿಟ್ಟವು. ಒಂದು ಹಳೆ ಕಪಾಟಿನಿಂದ ಅದು ಶುರುವಾಯಿತು. ಆಗ ಏನಾಯಿತು, ಯಾವುದನ್ನು ಹೇಗೆ ಪರೀಕ್ಷೆ ಮಾಡಿದೆವು, ಯಾವುದಕ್ಕೆ ಎಷ್ಟು ಖರ್ಚಾಯಿತು ಅಂತ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೆ. ಮಳೆ, ಹಳೆ ಮರ, ಮೇಲೆ ಕೆಳಗೆ ಮನೆ ಇರುವ ಕೊಡಗಿನ ಯಾರಿಗಾದರೂ ಉಪಯೋಗಕ್ಕೆ ಬರಬಹುದು ಅಂತ ಪೂರ್ತಿ ಬರೆಯುತ್ತಿದ್ದೇನೆ.

ಏಪ್ರಿಲ್ ಕೊನೆಯಲ್ಲಿ ಅಕ್ಕ ಒಂದು ಕೋಣೆ ಖಾಲಿ ಮಾಡಿದರು. ಅಲ್ಲಿ ಹಲಸಿನ ಮರದ ಎರಡು ಬಾಗಿಲಿನ ಕಪಾಟು ಇತ್ತು. ಅವರ ಮಾವನ ಕಾಲದ್ದು. "ಹೊರಗಿನವರಿಗೆ ಕೊಡೋದಕ್ಕಿಂತ ನೀನೇ ಇಟ್ಕೋ" ಅಂದರು. 7,500 ರೂಪಾಯಿ ಕೊಟ್ಟೆ. ಹಲಸಿನ ಚೇಗು, ಅಂದರೆ ಮರದ ನಡುವಿನ ಗಟ್ಟಿ ತಿರುಳು, ಕೊಯ್ದ ಹೊಸದರಲ್ಲಿ ಅರಿಶಿನದ ಬಣ್ಣ ಇರುತ್ತದೆ, ವರ್ಷ ಕಳೆದ ಹಾಗೆ ಕಂದು ಆಗುತ್ತದೆ. ಇದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದಿತ್ತು. ಬಾಗಿಲು ತಟ್ಟಿದರೆ ಗಟ್ಟಿ ಸದ್ದು. ಹಿಂದಿನ ಹಲಗೆ ಮಾತ್ರ ಮುರಿದಿತ್ತು, ಎರಡು ವರ್ಷದ ಹಿಂದೆ ಮಾವಿನ ಹಲಗೆ ಹೊಸದಾಗಿ ಹಾಕಿಸಿದ್ದೇವೆ ಅಂತ ಅಕ್ಕ ತಾವಾಗಿಯೇ ಹೇಳಿದರು. ನಾನು ಅದನ್ನು ಒಳ್ಳೆಯ ಸುದ್ದಿ ಅಂದುಕೊಂಡೆ.

ಇಲ್ಲೇ ಒಂದು ಮಾತು ಹೇಳಬೇಕು. ಹಳೆ ಪೀಠೋಪಕರಣ ತಗೊಳ್ಳುವಾಗ ನಾವೆಲ್ಲ ಹಳೆಯ ಭಾಗವನ್ನು ಅನುಮಾನದಿಂದ ನೋಡುತ್ತೇವೆ. ನೋಡಬೇಕಾದ್ದು ಅದರಲ್ಲಿರುವ ಹೊಸ ಮರವನ್ನು. ಹಿಟ್ಟಿನ ಹಾಗೆ ಪುಡಿ ಮಾಡುವ ಕುಟ್ಟೆ ಹುಳಕ್ಕೆ ಮರದೊಳಗಿನ ಗಂಜಿ ಬೇಕು. ಅದು ಚೇಗಿನ ಸುತ್ತ ಇರುವ ಬಿಳಿ ಮರದಲ್ಲಿ ಇರುತ್ತದೆ, ಮಾವು, ರಬ್ಬರ್‌ನಂಥ ಮೆದು ಮರಗಳಲ್ಲಿ ಜಾಸ್ತಿ. ಮರ ಕೊಯ್ದು ಮೊದಲ ಕೆಲವು ವರ್ಷ ಅದಕ್ಕೆ ಹಬ್ಬ. ಐವತ್ತು ವರ್ಷದ ಹಲಸಿನ ಚೇಗನ್ನು ಅದು ಮುಟ್ಟುವುದೇ ಇಲ್ಲ ಅನ್ನಬಹುದು. ಪಾಲಿಶ್ ಇರುವ ಕಡೆ ಮೊಟ್ಟೆಯನ್ನೂ ಇಡುವುದಿಲ್ಲ, ಮರದ ಸಣ್ಣ ರಂಧ್ರ ತೆರೆದಿರಬೇಕು. ಕಪಾಟಿನ ಬೆನ್ನಿಗೆ ಯಾರೂ ಪಾಲಿಶ್ ಹಾಕಿಸುವುದಿಲ್ಲ, ಅಲ್ವಾ? ಅವತ್ತು ಕಪಾಟನ್ನು ಗೋಡೆಯಿಂದ ಎಳೆದು, ಬ್ಯಾಟರಿ ಹಾಕಿ ಬೆನ್ನು ನೋಡಿದ್ದರೆ ಕೆಲಸ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ನಾನು ಮುಂದೆ ನಿಂತು ಬಾಗಿಲಿನ ಹಿಡಿ ನೋಡಿ ಖುಷಿಪಟ್ಟೆ.

ಕಪಾಟನ್ನು ಹಿಂದಿನ ಮಲಗುವ ಕೋಣೆಯಲ್ಲಿ, ಬರೆಯ ಕಡೆಯ ಗೋಡೆಗೆ ಪೂರ್ತಿ ಒತ್ತಿ ಇಟ್ಟೆವು. ಅದೇ ವಾರ ಇನ್ನೊಂದು ಕೆಲಸ ಮಾಡಿದೆ. ಬರೆಯ ಕಲ್ಲು ಕಟ್ಟಡದಲ್ಲಿ ಕೆಳಗಡೆ ನಾಲ್ಕು ತೂತುಗಳಿವೆ. ಹಾವು ಸೇರಿಕೊಂಡೀತು, ಓಣಿಯಲ್ಲಿ ಮಕ್ಕಳು ಓಡಾಡುತ್ತಾರೆ ಅನ್ನುವ ಹೆದರಿಕೆ. ಸಿಮೆಂಟ್ ಕಲಸಿ ನಾಲ್ಕನ್ನೂ ಮುಚ್ಚಿದೆ. ಇದನ್ನು ನೆನಪಿಟ್ಟುಕೊಳ್ಳಿ.

ಜೂನ್ ನಡುವಿಗೆ ಕೋಣೆಯಲ್ಲಿ ಮಣ್ಣಿನ ವಾಸನೆ ಶುರುವಾಯಿತು. ತಿಂಗಳ ಕೊನೆಗೆ ಕಪಾಟಿನೊಳಗೆ ಮಡಿಸಿಟ್ಟ ರೇಷ್ಮೆ ಸೀರೆಯ ಅಂಚಿಗೆ ಬೂಷ್ಟು ಬಂದಿತ್ತು. ಕಪಾಟು ಎಳೆದು ನೋಡಿದರೆ ಗೋಡೆ ಎರಡಡಿ ಎತ್ತರದವರೆಗೆ ಒದ್ದೆ, ಕಪಾಟಿನ ಬೆನ್ನ ಮೇಲೆ ಬಿಳಿ ಹಸಿರು ಬೂಷ್ಟು, ನೆಲದ ಮೇಲೆ ಮೈದಾ ಹಿಟ್ಟಿನಂಥ ನುಣುಪು ಪುಡಿ. ಮಾವಿನ ಹಲಗೆಯಲ್ಲಿ ಗುಂಡುಸೂಜಿ ತಲೆಯಷ್ಟು ಸಣ್ಣ ತೂತುಗಳು. ಓಣಿಗೆ ಹೋಗಿ ನೋಡಿದರೆ ಮೇಲಿನ ಮನೆಯ ಮಾಡಿನ ನೀರು ಬರೆಯ ಅಂಚಿಗೆ ಬಿದ್ದು ನಮ್ಮ ಕಡೆಗೆ ಸುರಿಯುತ್ತಿತ್ತು.

ಎರಡೂ ಅವರಿಂದಲೇ ಬಂದದ್ದು ಅಂತ ನನ್ನ ತಲೆಗೆ ಹತ್ತಿತು. ಜುಲೈ ಮೊದಲ ಭಾನುವಾರ ಛತ್ರಿ ಹಿಡಿದು ಮೇಲೆ ಹೋದೆ. ಜಗಲಿಯಲ್ಲಿ ಕೂರದೆ ನಿಂತೇ ಮಾತಾಡಿದೆ.

"ಅಕ್ಕ, ಕಪಾಟಿನಲ್ಲಿ ಹುಳ ಇದೆ. ನಿಮ್ಮ ಮಾಡಿನ ನೀರು ನಮ್ಮ ಗೋಡೆಗೆ ಇಳೀತಾ ಇದೆ. ಎರಡನ್ನೂ ನೀವೇ ಸರಿ ಮಾಡಿಸಿಕೊಡಬೇಕು."

ಅಣ್ಣ ಪೇಪರ್ ಕೆಳಗಿಟ್ಟರು. "ಮೂವತ್ತು ವರ್ಷದಿಂದ ಮಳೆ ಅಲ್ಲೇ ಬೀಳ್ತಾ ಇದೆಯಮ್ಮ. ನೀವು ಬಂದು ಹತ್ತು ವರ್ಷ ಆಯಿತಷ್ಟೇ" ಅಂದರು. ಅಕ್ಕ ಏನೂ ಅನ್ನಲಿಲ್ಲ. ಒಳಗೆ ಹೋಗಿ 7,500 ರೂಪಾಯಿ ತಂದು ಜಗಲಿಯ ಮೇಲಿಟ್ಟರು. "ಕಪಾಟು ವಾಪಸ್ ಕಳಿಸು" ಅಂದರು. ಹಣ ಮುಟ್ಟದೆ ಇಳಿದು ಬಂದೆ. ಅವತ್ತಿನಿಂದ ಸೀಮೆಬದನೆ ಬರಲಿಲ್ಲ.

ಈಗ ಯೋಚಿಸಿದರೆ ನಾನು ಮಾಡಿದ ದೊಡ್ಡ ತಪ್ಪು ಸಿಟ್ಟು ಮಾಡಿಕೊಂಡದ್ದಲ್ಲ. ಎರಡು ಬೇರೆ ಬೇರೆ ವಿಷಯವನ್ನು ಒಂದೇ ಗಂಟು ಕಟ್ಟಿ ಅವರ ಮುಂದೆ ಎಸೆದದ್ದು. ನೀರಿನ ಬಗ್ಗೆ ಅಣ್ಣ ಏನಾದರೂ ಕೇಳುತ್ತಿದ್ದರೋ ಏನೋ. ಆದರೆ ಮಾವನ ಕಾಲದ ಕಪಾಟಿಗೆ ಹುಳದ ಹೆಸರು ಇಟ್ಟ ಮೇಲೆ ಉಳಿದ ಯಾವ ಮಾತೂ ಅವರ ಕಿವಿಗೆ ಹೋಗಲಿಲ್ಲ.

ನಮ್ಮ ಸಂಬಂಧಿಕರೊಬ್ಬರು ವಕೀಲರ ನೋಟಿಸ್ ಕಳಿಸು ಅಂದರು. ಕಾನೂನಿನ ದಾರಿ ಅಷ್ಟು ಸುಲಭ ಇರಲಿಲ್ಲ. ಒಬ್ಬರ ಜಾಗದ ಮೇಲೆ ಇನ್ನೊಬ್ಬರಿಗೆ ಇರುವ ದಾರಿ, ನೀರು, ಗಾಳಿಯ ಹಕ್ಕಿನ ಬಗ್ಗೆ 1882ರ ಈಸ್‌ಮೆಂಟ್ಸ್ ಕಾಯ್ದೆ ಇದೆ. ಅದು ಶುರುವಿನಲ್ಲಿ ಜಾರಿಗೆ ಬಂದ ಕೆಲವೇ ಪ್ರಾಂತ್ಯಗಳಲ್ಲಿ ಕೊಡಗೂ ಒಂದು. ಇಪ್ಪತ್ತು ವರ್ಷ ತಡೆಯಿಲ್ಲದೆ, ಎಲ್ಲರಿಗೂ ಕಾಣುವ ಹಾಗೆ, ಹಕ್ಕಿನಿಂದ ಅನುಭವಿಸಿದ್ದು ಹಕ್ಕಾಗಿ ನಿಲ್ಲಬಹುದು ಅನ್ನುತ್ತದೆ ಆ ಕಾಯ್ದೆ. ಅಣ್ಣ ಹೇಳಿದ ಮೂವತ್ತು ವರ್ಷದ ಮಾತಿಗೆ ತೂಕ ಇತ್ತು ಅಂತ ಆಗ ಗೊತ್ತಾಯಿತು. ನೋಟಿಸ್ ವಿಚಾರ ಅಲ್ಲಿಗೆ ಬಿಟ್ಟೆ.

ಮಾತು ನಿಂತ ಆ ತಿಂಗಳಲ್ಲಿ ಮೂರು ಪರೀಕ್ಷೆ ಮಾಡಿದೆ. ಯಾರಾದರೂ ಮನೆಯಲ್ಲೇ ಮಾಡಬಹುದು.

ಮೊದಲನೆಯದು ಗೋಡೆಗೆ. ಗೋಡೆ ಒದ್ದೆಯಾದರೆ ನೀರು ಹೊರಗಿನಿಂದ ಬಂದದ್ದೇ ಅಂತ ಅಲ್ಲ. ಮಳೆಗಾಲದಲ್ಲಿ ಕೋಣೆಯ ಗಾಳಿಯ ತೇವವೇ ತಣ್ಣನೆ ಗೋಡೆಗೆ ತಾಗಿ ನೀರಾಗುತ್ತದೆ. ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆ ತಗೊಂಡು ಒದ್ದೆ ಜಾಗವನ್ನು ಬಟ್ಟೆಯಿಂದ ಒರೆಸಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಅಂಟಿಸಬೇಕು. ಎರಡು ದಿನ ಬಿಡಬೇಕು. ಹನಿ ಹಾಳೆಯ ಮೇಲೆ, ಅಂದರೆ ಕೋಣೆಯ ಕಡೆ ಇದ್ದರೆ ತೇವ ಗಾಳಿಯದ್ದು. ಹಾಳೆಯ ಹಿಂದೆ ಇದ್ದರೆ ಗೋಡೆಯಿಂದ ಬಂದದ್ದು. ನಮ್ಮಲ್ಲಿ ಹಿಂದೆ ಧಾರಾಳವಾಗಿ ನೀರಿತ್ತು. ಕೋಣೆಯ ಕಡೆಯೂ ಸ್ವಲ್ಪ ಇತ್ತು. ಗೋಡೆಗೆ ಒತ್ತಿಟ್ಟ ಕಪಾಟಿನ ಹಿಂದೆ ಗಾಳಿಯೇ ಆಡುತ್ತಿರಲಿಲ್ಲ, ಆ ಪಾಲು ನನ್ನದು.

ಎರಡನೆಯದು ಹುಳಕ್ಕೆ. ಪುಡಿ ಕಂಡ ಕೂಡಲೇ ಹುಳ ಜೀವಂತ ಇದೆ ಅನ್ನುವ ಹಾಗಿಲ್ಲ. ಹಳೆ ತೂತಿನಲ್ಲಿ ಉಳಿದ ಪುಡಿ ಬಾಗಿಲು ಹಾಕಿ ತೆಗೆದಾಗಲೂ ಉದುರುತ್ತದೆ. ಎಲ್ಲ ಪುಡಿ ಗುಡಿಸಿ, ಕಾಣುವ ತೂತುಗಳಿಗೆ ಮೇಣ ತುಂಬಿ, ಕೆಳಗೆ ಕಪ್ಪು ಕಾಗದ ಹಾಸಿ ಮೂರು ವಾರ ಕಪಾಟನ್ನು ಮುಟ್ಟಲಿಲ್ಲ. ಮೇಣ ತುಂಬಿದ ತೂತು ನಲವತ್ತೊಂದು. ಮೂರು ವಾರ ಆದ ಮೇಲೆ ಮೇಣ ಇಲ್ಲದ ಹೊಸ ತೂತು ಆರು, ಕಾಗದದ ಮೇಲೆ ಅರ್ಧ ಚಮಚ ಪುಡಿ. ಜೀವಂತ ಇತ್ತು. ಗೆದ್ದಲು ಅಲ್ಲ ಅನ್ನುವುದೂ ಖಚಿತ ಆಯಿತು. ಸಾಮಾನ್ಯವಾಗಿ ಕಾಣುವ ಗೆದ್ದಲು ಮಣ್ಣಿನ ಸುರಂಗ ಕಟ್ಟಿಕೊಂಡು ಬರುತ್ತದೆ, ಹೀಗೆ ಒಣ ಪುಡಿ ಸುರಿಯುವುದಿಲ್ಲ. ಹಲಸಿನ ಬಾಗಿಲು, ಚೌಕಟ್ಟು, ಒಳಗಿನ ಅಡ್ಡಹಲಗೆ ಎಲ್ಲ ಕಡೆ ಸೂಜಿ ಚುಚ್ಚಿ ನೋಡಿದೆ. ಒಂದು ಕಡೆಯೂ ಇಳಿಯಲಿಲ್ಲ.

ಆ ಹೊತ್ತಿಗೆ ಇನ್ನೊಂದು ಕಂಡಿತು. ಕಪಾಟಿನ ಪಕ್ಕದ ಗೋಡೆಗೆ ನೇತು ಹಾಕಿದ್ದ ಬಿದಿರಿನ ಮೊರ. ತೆಗೆದು ಕುಟ್ಟಿದರೆ ಅದೇ ನುಣುಪು ಪುಡಿ! ಬಿದಿರಿನಲ್ಲೂ ಗಂಜಿ ಜಾಸ್ತಿ, ಕುಟ್ಟೆ ಹುಳಕ್ಕೆ ಅದು ಬಲು ಇಷ್ಟ. ಆ ಮೊರ ನಮ್ಮ ಮನೆಗೆ ಬಂದು ಮೂರು ವರ್ಷ. ಹುಳ ಕಪಾಟಿನಿಂದ ಮೊರಕ್ಕೆ ಹೋಯಿತೋ, ಮೊರದಿಂದ ಕಪಾಟಿಗೆ ಬಂತೋ? ಆಮೇಲೆ ಬಂದ ಆಚಾರಿಯವರನ್ನು ಕೇಳಿದೆ. "ಅದನ್ನ ಹುಳನೇ ಹೇಳ್ಬೇಕು" ಅಂದರು. ಇಷ್ಟು ಗೊತ್ತಿಲ್ಲದೆ ನಾನು ಒಬ್ಬರ ಜಗಲಿಯಲ್ಲಿ ನಿಂತು ಆರೋಪ ಮಾಡಿ ಬಂದಿದ್ದೆ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮೂರನೆಯದು ನೀರಿನ ಲೆಕ್ಕ. ನಮ್ಮಲ್ಲಿ ತೋಟದವರೆಲ್ಲ ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಬರೆದಿಡುತ್ತಾರೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮೇಲಿನ ಮನೆಯ ಮಾಡು ಸುಮಾರು ಸಾವಿರ ಚದರಡಿ, ಅಂದರೆ 93 ಚದರ ಮೀಟರ್. ಅರ್ಧ ಮಾಡು ನಮ್ಮ ಕಡೆಗೆ ಇಳಿಜಾರು. ಮೂರು ಇಂಚು ಮಳೆಯಾದ ದಿನ ಆ ಅರ್ಧ ಮಾಡಿನಿಂದಲೇ ಸುಮಾರು 3,500 ಲೀಟರ್ ನೀರು ಬರೆಯ ಅಂಚಿಗೆ ಬೀಳುತ್ತದೆ. ಜುಲೈಯಲ್ಲಿ ಅಂಥ ದಿನ ಮಡಿಕೇರಿಗೆ ಹೊಸದಲ್ಲ.

ಹಾಗಿದ್ದರೆ ಹತ್ತು ವರ್ಷ ಗೋಡೆ ಒದ್ದೆ ಆಗದೆ ಇದ್ದದ್ದು ಹೇಗೆ? ಈ ಪ್ರಶ್ನೆ ಕೇಳಿಕೊಂಡ ಮೇಲೆ ಓಣಿಗೆ ಹೋಗಿ ಕಲ್ಲು ಕಟ್ಟಡ ನೋಡುತ್ತಾ ನಿಂತೆ. ನಾನೇ ಮುಚ್ಚಿದ ನಾಲ್ಕು ತೂತು ಎದುರಿಗೆ ಇದ್ದವು. ಬರೆಯ ಮಣ್ಣು ಕುಡಿದ ನೀರು ಆಚೆ ಬರಲಿ ಅಂತಲೇ ಕಟ್ಟಿದವರು ಅವನ್ನು ಬಿಟ್ಟಿರುತ್ತಾರೆ. ಮುಚ್ಚಿದರೆ ನೀರು ಕಲ್ಲಿನ ಹಿಂದೆ ನಿಂತು ಭಾರ ಆಗುತ್ತದೆ, ಅಡಿಯಿಂದ ದಾರಿ ಹುಡುಕುತ್ತದೆ. ನಮ್ಮಲ್ಲಿ ಅದು ಪಾಯದ ಬುಡಕ್ಕೆ ಬಂದಿತ್ತು. ಗೋಡೆ ಒದ್ದೆ ಆದದ್ದು ಸಣ್ಣ ವಿಷಯ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದದ್ದನ್ನು ಕಂಡವರು ನಾವು. ನೀರು ತುಂಬಿದ ಬರೆಯ ಕೆಳಗೆ ಮಕ್ಕಳನ್ನು ಮಲಗಿಸಿದ್ದೆ ಅಂತ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ. ಅವತ್ತೇ ಉಳಿ ಸುತ್ತಿಗೆ ತಗೊಂಡು ನಾಲ್ಕೂ ತೂತು ಬಿಡಿಸಿದೆವು. ಒಂದರಿಂದ ನೀರು ಕಾರಂಜಿಯ ಹಾಗೆ ಹಾರಿತು. ಹಾವಿನ ಹೆದರಿಕೆಗೆ ತೂತಿನ ಬಾಯಿಗೆ ತಂತಿ ಬಲೆ ಕಟ್ಟಿದೆವು. ಮೊದಲೇ ಅಷ್ಟು ಮಾಡಿದ್ದರೆ ಸಾಕಿತ್ತು.

ನಿಮ್ಮ ಹಿತ್ತಿಲಲ್ಲೂ ಇಂಥ ಕಟ್ಟಡ ಇದ್ದರೆ ಮಳೆಗಾಲದಲ್ಲಿ ಆ ನೀರಿನ ಬಣ್ಣ ನೋಡುತ್ತಿರಿ. ತಿಳಿ ನೀರು ಬಂದರೆ ತೂತು ತನ್ನ ಕೆಲಸ ಮಾಡುತ್ತಿದೆ. ಕೆಂಪು ಕೆಸರು ನೀರು ಬಂದರೆ ಒಳಗಿನ ಮಣ್ಣು ತೊಳೆದು ಹೋಗುತ್ತಿದೆ. ಕಟ್ಟಡ ಉಬ್ಬಿದ್ದರೆ, ಮೇಲಿನ ಅಂಗಳದಲ್ಲಿ ಬಿರುಕು ಕಂಡರೆ ಬೇರೆ ಯೋಚನೆ ಬೇಡ, ಆ ಕಡೆಯ ಕೋಣೆ ಬಿಟ್ಟು ತಿಳಿದವರನ್ನು ಕರೆಯಬೇಕು.

ಇಷ್ಟಾದರೂ ಮೇಲಿನಿಂದ ಬೀಳುವ ನೀರು ಬೀಳುತ್ತಲೇ ಇತ್ತು. ಮೇಲೆ ಹೋಗಿ ಮಾತಾಡುವ ಧೈರ್ಯ ನನಗೆ ಬರಲಿಲ್ಲ.

ಆಗಸ್ಟ್ 3 ಬಂತು, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಕೊಡಗಿನಲ್ಲಿ ಅವತ್ತು ಮದ್ದುಸೊಪ್ಪಿನ ಪಾಯಸ ಮಾಡದ ಮನೆ ಕಡಿಮೆ. ಸಂಜೆ ಅಕ್ಕನ ಮನೆಯ ಕೆಲಸದ ಹುಡುಗಿ ಸ್ಟೀಲ್ ಡಬ್ಬಿ ತಂದು ಕೊಟ್ಟಳು. ಮುಚ್ಚಳ ತೆಗೆದರೆ ನೇರಳೆ ಬಣ್ಣದ ಪಾಯಸ, ಆ ಸೊಪ್ಪಿನ ಘಮ. ಪ್ರತಿವರ್ಷ ಕಳಿಸುತ್ತಿದ್ದರು. ಮಾತು ಬಿಟ್ಟ ವರ್ಷವೂ ಕಳಿಸಿದ್ದರು.

ಮರುದಿನ ಡಬ್ಬಿ ತೊಳೆದು, ಅದರಲ್ಲಿ ಬೆಲ್ಲ ಹಾಕಿಕೊಂಡು ಮೇಲೆ ಹೋದೆ. ಈ ಸಲ ಕೂತೆ. ಕಪಾಟಿನ ಮಾತನ್ನು ಮೊದಲು ಮುಗಿಸಿದೆ. "ಅಕ್ಕ, ಅವತ್ತು ನಾನು ತಿಳೀದೆ ಮಾತಾಡಿದೆ. ಮಾವಿನ ಹಲಗೆಗೆ ಮಾತ್ರ ಕುಟ್ಟೆ ಬಂದಿದೆ. ನಮ್ಮ ಮೊರದಲ್ಲೂ ಇತ್ತು. ಕಪಾಟು ಗಟ್ಟಿ ಇದೆ, ನಾನು ವಾಪಸ್ ಕೊಡೋದಿಲ್ಲ, ಹಣವೂ ಬೇಡ." ಅಕ್ಕ ಬಹಳ ಹೊತ್ತು ಸುಮ್ನೆ ಕೂತರು. ಆಮೇಲೆ "ಆ ಹಲಗೆ ಹಾಕಿದವನು ಚೆನ್ನಾಗಿ ಒಣಗಿದೆ ಅಂದಿದ್ದ" ಅಂದರು.

ನೀರಿನ ಮಾತನ್ನು ಅವತ್ತು ನಾನು ಎತ್ತಲಿಲ್ಲ. ಎತ್ತಿದ್ದು ಅಣ್ಣ. ತೂತು ಮುಚ್ಚಿದ್ದು, ಬಿಡಿಸಿದ್ದು ಹೇಳಿದಾಗ ಅವರು ಎದ್ದು ಟೋಪಿ ಹಾಕಿಕೊಂಡು ಅಂಗಳದ ಅಂಚಿಗೆ ನಡೆದರು. ಅಲ್ಲಿ ಆಂಥೂರಿಯಂ ಕುಂಡಗಳ ಸಾಲು. ಎರಡು ಕುಂಡ ಸರಿಸಿದಾಗ ಅದರ ಕೆಳಗೆ ಹಳೆಯ ಚರಂಡಿ ಕಂಡಿತು, ಕೊಳೆತ ಎಲೆ ಮತ್ತು ಮಣ್ಣು ತುಂಬಿ ಮುಚ್ಚಿಹೋಗಿತ್ತು. ರಸ್ತೆಯ ಮೋರಿಗೆ ಹೋಗಬೇಕಾದ ನೀರು ಕುಂಡಗಳ ಸಾಲಿಗೆ ತಡೆದು ನಮ್ಮ ಕಡೆ ಹಾರುತ್ತಿತ್ತು. "ಇದು ನಮ್ಮದೇ ತಪ್ಪು" ಅಂತ ಅಣ್ಣ ತಾವಾಗಿಯೇ ಅಂದರು. ಜುಲೈಯಲ್ಲಿ ನಾನು ಇದನ್ನೇ ಅವರ ಬಾಯಿಂದ ಹೇಳಿಸಲು ಹೋಗಿ ಸೋತಿದ್ದೆ.

ಕೆಲಸ ಬೇಗ ಆಯಿತು. ಚರಂಡಿ ಬಿಡಿಸಲು ಒಬ್ಬರ ಅರ್ಧ ದಿನದ ಕೂಲಿ. ಆರು ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ಹೆಂಚಿನ ಅಂಚಿಗೆ ಕ್ಲಾಂಪ್ ಹಾಕಿ ಕಟ್ಟಿ, ಕೊನೆಯಲ್ಲಿ ಇಳಿಪೈಪ್ ಕೂರಿಸಿ ಮೋರಿಗೆ ಬಿಟ್ಟೆವು. ಒಟ್ಟು 4,200 ರೂಪಾಯಿ. ಅಣ್ಣ ಪೂರ್ತಿ ಕೊಡುತ್ತೇನೆ ಅಂದರು, ಅರ್ಧ ನಾವೇ ಹಾಕಿದೆವು. ಪೈಪಿನಲ್ಲಿ ಎಲೆ ತುಂಬುತ್ತದೆ, ಮೇ ಕೊನೆಗೆ ಒಮ್ಮೆ, ಜುಲೈ ನಡುವೆ ಒಮ್ಮೆ ಕ್ಲೀನ್ ಮಾಡಬೇಕು. ಅವರಿಗೆ ಏಣಿ ಹತ್ತಲು ಆಗುವುದಿಲ್ಲ. ನನ್ನ ಮಗ ಹತ್ತುತ್ತಾನೆ ಅಂತ ಮಾತಾಯಿತು.

ಕಪಾಟಿಗೆ ಅವಸರ ಮಾಡಲಿಲ್ಲ. ಗೋಡೆ ಒಣಗದೆ ಮರಕ್ಕೆ ಔಷಧಿ ಹಚ್ಚಿ ಪ್ರಯೋಜನ ಇಲ್ಲ. ಸೀಮೆಎಣ್ಣೆ ಸುರಿ ಅಂದವರು ಬಹಳ ಜನ. ಅದು ಆಳಕ್ಕೆ ಇಳಿಯುವುದಿಲ್ಲ, ಬಟ್ಟೆಗೆಲ್ಲ ವಾಸನೆ, ಮೇಲೆ ಬೆಂಕಿಯ ಭಯ. ಮಾವಿನ ಹಲಗೆ ಮತ್ತು ಮೊರವನ್ನು ಮಾತ್ರ ಅದೇ ವಾರ ಬಚ್ಚಲ ಒಲೆಗೆ ಹಾಕಿದೆವು. ಹುಳ ಬಿದ್ದ ಹಲಗೆಯನ್ನು ಆಮೇಲೆ ಉರಿಸೋಣ ಅಂತ ಸೌದೆ ಜೊತೆ ಪೇರಿಸಿಡಬೇಡಿ. ಹುಳ ರೆಕ್ಕೆ ಬಂದು ಹಾರಿ ಬೇರೆ ಮರ ಹುಡುಕುತ್ತದೆ.

ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬ ಕಳೆಯಿತು, ಅಕ್ಟೋಬರಿನ ತುಲಾ ಸಂಕ್ರಮಣವೂ ಆಯಿತು. ಬಿಸಿಲು ಗಟ್ಟಿಯಾದ ಮೇಲೆ ಆಚಾರಿಯವರು ಬಂದರು. ಬೆನ್ನಿಗೆ ಪ್ಲೈವುಡ್ ಹಾಕೋಣ ಅಂತ ಮಾತಾಡುತ್ತಿದ್ದಾಗ ಅಕ್ಕ ಮೇಲಿನಿಂದ ಕೂಗಿದರು. ಅವರ ಅಟ್ಟದಲ್ಲಿ ಹಲಸಿನ ಹಲಗೆ ನಾಲ್ಕು ಬಿದ್ದಿದ್ದವು, ಅದೂ ಮಾವನ ಕಾಲದ್ದೇ. ಹೊಗೆ ಹಿಡಿದು ಕಪ್ಪಾಗಿದ್ದವು. ಹತರಿ ಹಾಕಿದರೆ ಒಳಗೆ ಕಪಾಟಿನದ್ದೇ ಬಣ್ಣ. ಹಣದ ಮಾತು ಬರಲಿಲ್ಲ.

ಹಲಗೆ ಕೂರಿಸುವ ಮೊದಲು ಕಪಾಟಿನ ಪಾಲಿಶ್ ಇಲ್ಲದ ಒಳಮೈಗೆಲ್ಲ ಬೋರಾಕ್ಸ್ ನೀರು ಹಚ್ಚಿದೆವು. ಒಂದು ಲೀಟರ್ ಬಿಸಿನೀರಿಗೆ 60 ಗ್ರಾಂ ಬೋರಾಕ್ಸ್, 40 ಗ್ರಾಂ ಬೋರಿಕ್ ಪುಡಿ. ಪೂರ್ತಿ ಕರಗಿಸಿ, ಬ್ರಷ್‌ನಿಂದ ಎರಡು ಸಲ, ಮೊದಲನೆಯದು ಒಣಗಿದ ಮೇಲೆ ಎರಡನೆಯದು. ಪಾಲಿಶ್ ಇರುವ ಕಡೆ ಇದು ಒಳಗೆ ಇಳಿಯುವುದಿಲ್ಲ. ಕೈಗೆ ಗ್ಲೌಸ್ ಹಾಕಿಕೊಳ್ಳಬೇಕು, ಉಳಿದ ನೀರನ್ನು ಮಕ್ಕಳ ಕೈಗೆ, ನಾಯಿ ಬೆಕ್ಕಿನ ಬಾಯಿಗೆ ಸಿಗದ ಹಾಗೆ ನೋಡಿಕೊಳ್ಳಬೇಕು. ಒಂದು ವಾರ ಬಿಸಿಲಿನಲ್ಲಿ ಒಣಗಿದ ಮೇಲೆ ಬೆನ್ನಿಗೂ ಪಾಲಿಶ್ ಹೊಡೆಸಿದೆ. ಆಚಾರಿಯವರ ಕೂಲಿ, ಸಾಮಾನು ಸೇರಿ 2,600 ರೂಪಾಯಿ.

ಈಗ ಕಪಾಟು ಒಳಗೋಡೆಗೆ ಹೋಗಿದೆ. ಗೋಡೆಯಿಂದ ನಾಲ್ಕು ಇಂಚು ದೂರ, ಕಾಲಿನ ಕೆಳಗೆ ಎರಡು ಇಂಚಿನ ಮರದ ತುಂಡು. ಮಳೆಗಾಲದಲ್ಲಿ ಕಪಾಟಿನೊಳಗೆ ಬಲ್ಬು ಉರಿಸುವುದು ಇಲ್ಲಿನ ಹಳೆ ಪದ್ಧತಿ. ಅದು ಹಳೆ ತಂತಿ ಬಲ್ಬಿನ ಬಿಸಿಗೆ ಕೆಲಸ ಮಾಡುತ್ತಿತ್ತು, ಎಲ್ಇಡಿಯಲ್ಲಿ ಅಷ್ಟು ಬಿಸಿ ಇಲ್ಲ. ತಂತಿ ಬಲ್ಬು ಹಾಕಿದರೆ ಬಟ್ಟೆಯಿಂದ ದೂರ ಇರಲಿ. ನಾನು ಹಾಕಿಲ್ಲ. ಮಳೆ ಬಿಟ್ಟಾಗ ಬಾಗಿಲು ತೆರೆದು ಫ್ಯಾನ್ ಹಾಕುತ್ತೇನೆ.

ಮುಂದಿನ ಜೂನ್ ಕೊನೆಗೆ ಅಕ್ಕ ಸೀಮೆಬದನೆ ಕೊಡಲು ಬಂದವರು ನೇರ ಕೋಣೆಗೆ ಹೋದರು. ನನ್ನ ಕೈಯಿಂದ ಬ್ಯಾಟರಿ ತಗೊಂಡು ಕಷ್ಟಪಟ್ಟು ಬಗ್ಗಿದರು. ಕಪಾಟಿನ ಕೆಳಗಿನ ಕಪ್ಪು ಕಾಗದ ಎಳೆದು ನೋಡಿದರು. ಸ್ವಲ್ಪ ಧೂಳು, ಒಂದು ಸತ್ತ ಇರುವೆ.

"ಪುಡಿ ಇಲ್ಲ" ಅಂದರು.

ಕಾಗದವನ್ನು ಮತ್ತೆ ಅಲ್ಲೇ ತಳ್ಳಿದೆವು. ಇನ್ನೊಂದು ಮಳೆಗಾಲ ನೋಡಬೇಕು ಅಂತ ಆಚಾರಿಯವರು ಹೇಳಿದ್ದಾರೆ.